ನಾನು ಪಾಸು ಮಾಡಿದ ಹಳದಿ ಕಾರು

ಕಾರಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಒಂದೇ, ಓಡಿಸುವುದು. ಉಳಿದದ್ದೆಲ್ಲ ಗೊತ್ತಿತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿ ಇಪ್ಪತ್ತು ವರ್ಷ ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಭಾಗಗಳನ್ನು ಗುರುತಿಸಿ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದವನು ನಾನು. ಶಂಕರಪುರದ ನಮ್ಮ ಬೀದಿಯಲ್ಲಿ ಯಾರ ಸ್ಕೂಟರ್ ಕೆಟ್ಟರೂ ಹೋಗಿ ಪಕ್ಕದಲ್ಲಿ ನಿಂತು ಕಾರಣ ವಿವರಿಸುತ್ತಿದ್ದೆ. ರಿಪೇರಿಯನ್ನು ಮಾತ್ರ ಮೆಕ್ಯಾನಿಕ್ ಮಾಡುತ್ತಿದ್ದ.

ಆದ್ದರಿಂದ ನನ್ನ ಭಾವಮೈದ ನಾಗು ಒಂದು ಶನಿವಾರ ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಅವನು ಚಾಮರಾಜಪೇಟೆಯಲ್ಲಿ ಮದುವೆಗಳಿಗೆ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದ.

"ಭಾವ, ಕುಮಾರ ಪಾರ್ಕಲ್ಲಿ ಒಂದು ಅಮೆರಿಕದ ಕಾರಿದೆ. ಮಸಲ್ ಕಾರ್ ಅಂತಾರೆ, ಎಂಟು ಸಿಲಿಂಡರು. ಅಲ್ಲಿನ ಯಜಮಾನ್ರು ಇದ್ದಾಗ ಪೂರ್ತಿ ಆಲ್ಟರ್ ಮಾಡ್ಸಿದ್ರಂತೆ. ಈಗ ಅವರ ಹೆಂಡ್ತಿ ಮಾರ್ತಿದಾರೆ. ಮದುವೆ ಗಂಡನ್ನ ಅದ್ರಲ್ಲಿ ಕರ್ಕೊಂಡು ಹೋದ್ರೆ ಹೇಗಿರತ್ತೆ ಹೇಳಿ. ನಾಳೆ ಬೆಳಗ್ಗೆಗೇ ಒಂದು ಬುಕಿಂಗ್ ತಗೊಂಡ್ಬಿಟ್ಟಿದೀನಿ."

"ಕಾರು ತಗೊಳ್ಳೋಕೆ ಮುಂಚೇನೇ?"

"ಕೈಲಿರೋದನ್ನೆಲ್ಲ ಇದಕ್ಕೇ ಹಾಕ್ತಿದೀನಿ ಭಾವ. ನೀವು ನೋಡಿ ಹೂಂ ಅಂದ್ರೆ ತಗೋತೀನಿ. ಊಹೂಂ ಅಂದ್ರೆ ಬುಕಿಂಗ್ ವಾಪಸ್."

ಅಡುಗೆಮನೆಯಿಂದ ನನ್ನ ಹೆಂಡತಿ ವಿಮಲಾ ಹೊರಗೆ ಬಂದಳು. "ರೀ, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಹೇಳ್ಬಿಡಿ. ಅವನ ಹೊಟ್ಟೆಪಾಡಿನ ವಿಷಯ."

ಗೊತ್ತಿಲ್ಲ ಎಂಬ ಮಾತನ್ನು ಮಕ್ಕಳ ಬಾಯಲ್ಲಿ ಕೇಳಿ ಅಭ್ಯಾಸವಿತ್ತೇ ಹೊರತು ಆಡಿ ಅಭ್ಯಾಸವಿರಲಿಲ್ಲ. ಶಾಲೆಯ ಪ್ರಯೋಗಶಾಲೆಯಿಂದ ತಂದಿಟ್ಟುಕೊಂಡಿದ್ದ ಆಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡೆ. ವರದಿ ಬರೆಯಲು ಒಂದು ಹಾಳೆಯನ್ನೂ ಮಡಚಿಟ್ಟುಕೊಂಡು ಹೊರಟೆ.

ಕಾರಿನ ಒಡತಿ ಸಾವಿತ್ರಮ್ಮನವರಿಗೆ ಎಪ್ಪತ್ತರ ಮೇಲಿರಬಹುದು. ಶೆಡ್ಡಿನ ಬಾಗಿಲು ತೆರೆದರು. ಒಳಗೆ ಅರಿಶಿನದ ಬಣ್ಣದ ಉದ್ದನೆಯ ಕಾರು, ಮೇಲೆ ಎರಡು ಕಪ್ಪು ಪಟ್ಟೆ. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ದಪ್ಪ. ಎಂಜಿನ್ನಿಗೆ ಗಾಳಿ ಹೋಗಲೆಂದು ಬಾನೆಟ್ಟಿನ ನಡುವೆ ಕತ್ತರಿಸಿ ತಗಡಿನ ಗೂಡೊಂದನ್ನು ಕೂರಿಸಿದ್ದರು. ಎಡಗಡೆಯಿದ್ದ ಸ್ಟಿಯರಿಂಗನ್ನೂ ಪೆಡಲುಗಳನ್ನೂ ಬಲಕ್ಕೆ ತಂದಿದ್ದರು. ಯಾವ ಕಂಪನಿಯದೆಂದು ಹೇಳುವುದಿಲ್ಲ, ಅಭಿಮಾನಿಗಳು ಮನೆ ಹುಡುಕಿಕೊಂಡು ಬಂದಾರು. ನಾಗು ಬಾಯಿ ಬಿಟ್ಟುಕೊಂಡು ನಿಂತಿದ್ದ. ಆ ಮುಖ ನೋಡಿ ಅವರು ಬೆಲೆ ಏರಿಸಿಯಾರೆಂದು ಹೆದರಿ, ಗಂಟು ಮುಖ ಹಾಕಿಕೊಳ್ಳುವಂತೆ ಸನ್ನೆ ಮಾಡಿದೆ.

ತಪಾಸಣೆ ಶುರುವಾಯಿತು. ಆಯಸ್ಕಾಂತ ಅಂಟಿದ ಕಡೆ ತಗಡು, ಅಂಟದ ಕಡೆ ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಎಲ್ಲ ಕಡೆಯೂ ಅಂಟಿತು. ತಪ್ಪೇ ಸಿಗದೆ ನನಗೆ ನಿರಾಸೆಯಾಯಿತು. ತಪ್ಪು ಹುಡುಕದ ಮೇಷ್ಟ್ರಿಗೆ ಯಾರು ಮರ್ಯಾದೆ ಕೊಡುತ್ತಾರೆ? ಬಾನೆಟ್ ಎತ್ತಿಸಿದೆ. ಸಿಕ್ಕಿತು! ಒಳಗಡೆ ಎಂಜಿನ್ನಿನ ಸುತ್ತಲೂ ಕಂದುಗೆಂಪು ಪದರ ಗಟ್ಟಿಯಾಗಿ ಕೂತಿತ್ತು. ಎಂಟಾಣೆ ನಾಣ್ಯದಿಂದ ಕೆರೆದೆ. ಪುಡಿ ಉದುರಿತು. ಅದನ್ನು ಅಂಗೈಯಲ್ಲಿ ಹಿಡಿದು, ಬೆವರೊರೆಸಿಕೊಂಡು, ಹಾಳೆ ತುಂಬ ಬರೆದು, ಗಟ್ಟಿಯಾಗಿ ಓದಿದೆ.

"ಸದರಿ ವಾಹನದ ಎಂಜಿನ್ ಭಾಗದಲ್ಲಿ ವ್ಯಾಪಕ ತುಕ್ಕು ಕಂಡುಬಂದಿರುವುದರಿಂದ, ಹೇಳಿದ ಬೆಲೆಯ ಅರ್ಧವನ್ನು ಕಡಿತಗೊಳಿಸತಕ್ಕದ್ದು."

ಸಾವಿತ್ರಮ್ಮ ನನ್ನ ಅಂಗೈ ನೋಡಿದರು. "ಮೇಷ್ಟ್ರೇ, ಅದು ತುಕ್ಕಲ್ಲ, ಕುಂಕುಮ. ಪ್ರತಿ ವರ್ಷ ಆಯುಧಪೂಜೆ ದಿನ ನಮ್ಮನೆಯವರೇ ಹಚ್ಚಿದ್ದು. ಹಳೇದನ್ನ ಒರೆಸ್ಬಾರ್ದು, ಅದರ ಮೇಲೇ ಹಚ್ಬೇಕು ಅಂತಿದ್ರು. ಎಣ್ಣೆ, ಬಿಸಿ ತಾಗಿ ಹೀಗೆ ಕಂದುಬಣ್ಣಕ್ಕೆ ತಿರುಗಿದೆ."

ನನ್ನ ಅಂಗೈಯಲ್ಲಿ ಸುಮಾರು ನಾಲ್ಕು ವರ್ಷದ ಪೂಜೆಯಿತ್ತು. ಅದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೈ ಮುಂದಕ್ಕೆ ಚಾಚಿಕೊಂಡೇ ನಿಂತೆ.

"ಪರವಾಗಿಲ್ಲ ಬಿಡಿ, ಹಣೆಗಿಟ್ಕೊಂಡಿದೀರಲ್ಲ" ಎಂದು ಅವರೇ ಸಮಾಧಾನ ಹೇಳಿದರು. ಬೆವರೊರೆಸಿಕೊಂಡಾಗ ಹಣೆಗೆ ಮೆತ್ತಿಕೊಂಡಿದ್ದಿರಬೇಕು. ಎಲ್ಲಾದರೂ ಬಚ್ಚಿಟ್ಟುಕೊಂಡರೆ ಸಾಕೆನಿಸಿ ಕಾರಿನೊಳಗೆ ತಲೆ ತೂರಿಸಿದೆ.

ನಾಗು ಪಾಪ, ಮುಂದಿನ ಎಡ ಸೀಟಿನೆದುರು ನೆಲಕ್ಕೆ ಹಾಸಿದ್ದ ಮ್ಯಾಟನ್ನು ಎತ್ತಿ ನೋಡುತ್ತಿದ್ದ. "ಭಾವ, ಇಲ್ಲೂ ಏನೋ ಕೆಂಪಗಿದೆಯಲ್ಲ?"

"ಶ್! ಮತ್ತೆ ಮಾನ ಕಳೀಬೇಡ. ಕುಂಕುಮ ಕಣೋ ಅದು."

"ಇಲ್ಲೂನಾ?"

"ಭಕ್ತಿ ಇರೋರು ಎಲ್ಲಾ ಕಡೆ ಹಚ್ತಾರೆ. ಮುಚ್ಚು."

ಹೆಬ್ಬೆರಳಿನಿಂದ ಒಮ್ಮೆ ಒತ್ತಿದ್ದರೆ ಸಾಕಿತ್ತು. ಒತ್ತಲಿಲ್ಲ. ಅದರ ಬದಲು ಆ ಜಾಗಕ್ಕೆ ನಮಸ್ಕಾರ ಹಾಕಿದೆ. ವರದಿಯಲ್ಲಿ ತುಕ್ಕಿನ ಸಾಲನ್ನು ಹೊಡೆದು, "ಸ್ಥಿತಿ ಅತ್ಯುತ್ತಮ, ಹೇಳಿದ ಬೆಲೆ ಕಡಿಮೆಯೇ ಆಯಿತು" ಎಂದು ಬರೆದು ಸಹಿ ಮಾಡಿದೆ. ನಾಗು ಚೌಕಾಸಿ ಮಾಡದೆ ಹಣ ಕೊಟ್ಟ. ಅವನಿಗೆ ನನ್ನ ಸಹಿಯ ಮೇಲೆ ಅಷ್ಟು ನಂಬಿಕೆ.

ಬರುವಾಗ ಎಡ ಸೀಟಿನಲ್ಲಿ ನಾನು ಕೂತೆ. ಕಾರು ಗುಡುಗುತ್ತ ಕೃಷ್ಣರಾಜ ಮಾರುಕಟ್ಟೆಗೆ ಬಂದಾಗ ಜನ ನಿಂತು ನೋಡಿದರು. ನಾನು ಕಿಟಕಿಯ ಮೇಲೆ ಮೊಣಕೈ ಇಟ್ಟು ಗಂಭೀರವಾಗಿ ಕುಳಿತಿದ್ದೆ. ಅಷ್ಟರಲ್ಲಿ ಸೇವಂತಿಗೆ ಮೂಟೆ ಹೊತ್ತವರೊಬ್ಬರು ಎದುರಿಗೆ ಬಂದುಬಿಟ್ಟರು. ನಾಗು ಬ್ರೇಕ್ ಒತ್ತಿದ. ಗಾಬರಿಯಲ್ಲಿ ನಾನೂ ಬ್ರೇಕ್ ಒತ್ತಿದೆ, ನನ್ನ ಕಡೆ ಇಲ್ಲದ ಬ್ರೇಕನ್ನು.

ಕಾರು ನಿಂತಿತು. ನನ್ನ ಬಲಗಾಲು ನಿಲ್ಲಲಿಲ್ಲ. ನೆಲ ತೂರಿಕೊಂಡು ಮೊಣಕಾಲಿನವರೆಗೆ ಕೆಳಗೆ ಹೋಯಿತು. ಸ್ಟಿಯರಿಂಗ್ ಬದಲಿಸಿದಾಗ ಹಳೆಯ ಪೆಡಲುಗಳಿದ್ದ ಜಾಗಕ್ಕೆ ತೆಳು ತಗಡು ಹೊದಿಸಿದ್ದರು. ನಾನು ನಮಸ್ಕಾರ ಹಾಕಿದ್ದು ಅದರ ತುಕ್ಕಿಗೆ. ಕಾಲನ್ನು ಹೇಗೋ ಎಳೆದುಕೊಂಡೆ, ಚಪ್ಪಲಿ ಮಾತ್ರ ಮಾರುಕಟ್ಟೆಯ ಪಾಲಾಯಿತು. ನಾಗು ಬೈದಿದ್ದರೆ ಚೆನ್ನಾಗಿತ್ತು. ಅವನು ಆ ತೂತಿನಲ್ಲಿ ಕಾಣುತ್ತಿದ್ದ ರಸ್ತೆಯನ್ನೇ ನೋಡುತ್ತಿದ್ದ. ನನಗೆ ಅಳು ಬರುವಂತಾಯಿತು.

ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದವನಿಂದ ವಿಮಲಾ ಎಲ್ಲವನ್ನೂ ಕೇಳಿಸಿಕೊಂಡಳು. ಎಂಜಿನ್ನಿನ ಬಗ್ಗೆ ಏನೂ ತಿಳಿಯದ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಾರೀ, ಕಾಲಿಡೋ ಜಾಗಕ್ಕೆ ಯಾರಾದ್ರೂ ಕುಂಕುಮ ಹಚ್ತಾರೇನ್ರೀ?"

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಆಡಿದ್ದು ಅದೇ ಮೊದಲು.

ವೆಲ್ಡಿಂಗಿನವರು ಸೋಮವಾರ ಬಾ ಎಂದರು. ಮದುವೆ ಭಾನುವಾರ. ನಾಗು ತೂತಿನ ಮೇಲೆ ಕೆಂಪು ಜಮಖಾನ ಹಾಸಿ ನನ್ನನ್ನು ಕರೆದ. "ಭಾವ, ಈ ಸೀಟು ಖಾಲಿ ಬಿಟ್ರೆ ಗಂಡಿನ ಸೋದರಮಾವ ಬಂದು ಕೂತ್ಕೋತಾರೆ. ಅವರು ತುಂಬ ದಪ್ಪ. ನೀವೇ ಕೂತ್ಕೊಂಡು ಜಾಗ ಕಾಯ್ಬೇಕು. ಕಾಲು ಮಾತ್ರ ಕೆಳಗೆ ಬಿಡ್ಬೇಡಿ."

ಹಾಗಾಗಿ ಪಂಚೆ ಉಟ್ಟು, ಶಲ್ಯ ಹೊದ್ದು, ಮುಂದಿನ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಭಯದಿಂದ ಬಾಯಲ್ಲಿ ದೇವರ ನಾಮ ಬೇರೆ. ಕಾರು ಛತ್ರದ ಮುಂದೆ ನಿಂತಾಗ ವಾದ್ಯ ಮೊಳಗಿತು. ಹಿಂದೆ ಕೂತಿದ್ದ ಮದುವೆ ಗಂಡನ್ನು ಇಳಿಸಿಕೊಂಡು ಆರತಿ ಎತ್ತಿದ ಹೆಣ್ಣಿನ ತಾಯಿ, ನನ್ನ ಕಿಟಕಿಗೂ ಬಂದು ತಟ್ಟೆ ಹಿಡಿದರು.

"ಶಾಸ್ತ್ರಿಗಳೇ, ಹಣೆಗಿಟ್ಕೊಂಡು ಇಳೀರಿ. ಮುಹೂರ್ತಕ್ಕೆ ಹೊತ್ತಾಯ್ತು."

ತಟ್ಟೆಯಲ್ಲಿ ಕೆಂಪಗೆ ಏನೋ ಇತ್ತು. ನನ್ನ ಬೆರಳು ಅರ್ಧದಲ್ಲೇ ನಿಂತಿತು. ಸ್ಟಿಯರಿಂಗ್ ಹಿಡಿದು ಕೂತಿದ್ದ ನಾಗು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದ.

"ಹೆದರ್ಬೇಡಿ ಭಾವ. ಇದು ಕುಂಕುಮಾನೇ."