ಎಣ್ಣೆ ಮಿಲ್ಲಿನ ಮೇಲಿನ ಬೆಲ್ಲು

ಕಂಪ್ಯೂಟರು ಕೆಟ್ಟರೆ ನನಗೆ ಆಶ್ಚರ್ಯವಿಲ್ಲ, ಅದು ಇರುವುದೇ ಕೆಡುವುದಕ್ಕೆ. ಕೆಟ್ಟದ್ದನ್ನು ತಿಳಿಸಲೆಂದು ನಾವು ಮಾಡಿದ ಏರ್ಪಾಡುಗಳಿವೆಯಲ್ಲ, ನನ್ನನ್ನು ಬೆಚ್ಚಿಬೀಳಿಸಿದ್ದು ಅವು. ಒಂದು ಮುಗಿಯಿತು ಎನ್ನುವಾಗ ಇನ್ನೊಂದು ಬಂದೇ ಬರುತ್ತಿತ್ತು. ಈಗಲೂ ಎಲ್ಲಾದರೂ ಬೆಲ್ಲು ಹೊಡೆದರೆ ಕೈ ತಾನಾಗಿ ಎದೆಗೆ ಹೋಗುತ್ತದೆ.

ನಮ್ಮ ಆಫೀಸು ಇದ್ದದ್ದು ಕೇರಳದ ಗಡಿಯೊಳಗಿನ ಸೀತಾಂಗೋಳಿಯಲ್ಲಿ, ಕೊಬ್ಬರಿ ಎಣ್ಣೆ ಮಿಲ್ಲಿನ ಮಹಡಿಯ ಮೇಲೆ. ಗಲ್ಫಿನಿಂದ ಮರಳಿದ ಬಾಸ್, ಅವರ ಕೈಕೆಳಗೆ ನಾವು ನಾಲ್ವರು. ದುಬೈಯ ಕೆಲವು ಕ್ಲಿನಿಕ್ಕುಗಳಿಗಾಗಿ, ರೋಗಿಗಳು ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳುವ ಸೈಟು ನಡೆಸುತ್ತಿದ್ದೆವು. ನಮಗಿದ್ದ ಗಿರಾಕಿ ಅದೊಂದೇ. ಸೈಟಿನ ಮೇಲೆ ಕಣ್ಣಿಡುವ ಜವಾಬ್ದಾರಿ ನನ್ನದು.

೧. ಎಲ್ಲದಕ್ಕೂ ಮೆಸೇಜು

ಸಣ್ಣ ತೊಂದರೆಯಾದರೂ ಎಲ್ಲರ ಫೋನಿಗೆ ಮೆಸೇಜು ಬರಬೇಕೆಂದು ಬಾಸ್ ಹೇಳಿದರು. ನಾನೂ ಹುರುಪಿನಲ್ಲಿ ಎಲ್ಲದಕ್ಕೂ ಇಟ್ಟೆ. ಸೈಟು ನಿಧಾನವಾದರೆ ಮೆಸೇಜು, ವೇಗವಾದರೆ ಮೆಸೇಜು, ಏನೂ ಆಗದಿದ್ದರೆ 'ಏನೂ ಆಗಿಲ್ಲ' ಎಂದು ಮೆಸೇಜು. ಕೆಲವೇ ದಿನಗಳಲ್ಲಿ ಎಲ್ಲರೂ ಫೋನಿನ ಸದ್ದು ಅಡಗಿಸಿದರು, ಬಾಸ್ ಎಲ್ಲರಿಗಿಂತ ಮೊದಲು.

ಒಂದು ಬೆಳಿಗ್ಗೆ ದುಬೈಯ ಮ್ಯಾನೇಜರು ಫೋನು ಮಾಡಿದರು. ಅವರು ನಮ್ಮ ಉಪ್ಪಳ ಕಡೆಯವರೇ.

"ಸೈಟು ಬಿದ್ದಿದೆ, ರೋಗಿಗಳು ನನಗೆ ಬೈತಾ ಇದ್ದಾರೆ. ನಿಮಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಇನ್ನೊಂದು ಸಲ ನಿಮಗಿಂತ ಮೊದಲು ರೋಗಿಗಳಿಂದ ತಿಳಿದರೆ ಕೆಲಸ ಬೇರೆಯವರಿಗೆ ಎಂದು ಹೇಳಿ ಫೋನಿಟ್ಟರು. ಹುಡುಕಿ ನೋಡಿದರೆ ಸರ್ವರಿನ ಡಿಸ್ಕು ಭರ್ತಿ. ತುಂಬಿಸಿದ್ದು ನನ್ನದೇ ಮೆಸೇಜುಗಳ ನಕಲುಗಳು. ಹೆಚ್ಚು ಜಾಗ ಹಿಡಿದದ್ದು 'ಏನೂ ಆಗಿಲ್ಲ'.

೨. ನಾಲ್ಕು ಟೀ

ಮೆಸೇಜುಗಳನ್ನೆಲ್ಲ ಕಿತ್ತುಹಾಕಿದೆವು. "ಫೋನಿನ ಬಾಯಿ ಮುಚ್ಚಿಸಬಹುದು. ಬೆಲ್ಲಿನ ಬಾಯಿ ಯಾರು ಮುಚ್ಚಿಸ್ತಾರೆ ನೋಡುವಾ" ಎಂದರು ಬಾಸ್. ಜಂಕ್ಷನಿನ ಎಲೆಕ್ಟ್ರಿಕ್ ಅಂಗಡಿಯಿಂದ ದೊಡ್ಡದೊಂದು ಬೆಲ್ಲು ತಂದು ಗೋಡೆಗೆ ಹಾಕಿದೆವು. ನಮ್ಮ ಕಂಪ್ಯೂಟರು ಆಗಾಗ ದುಬೈಯವರ ಸೈಟನ್ನು ಕರೆದು ನೋಡುವುದು, ಉತ್ತರ ಬಾರದಿದ್ದರೆ ಬೆಲ್ಲು ಹೊಡೆಯುವುದು.

ಮರುದಿನ ಬೆಳಿಗ್ಗೆಯೇ ಹೊಡೆಯಿತು. ಕುರ್ಚಿಯಿಂದ ಹಾರಿ ನೋಡಿದರೆ ಸೈಟು ಸರಿಯಾಗಿಯೇ ಇತ್ತು. ಮತ್ತೆ ಹೊಡೆಯಿತು, ಮತ್ತೆ ಹಾರಿದೆವು, ಸೈಟಿಗೆ ಏನೂ ಆಗಿರಲಿಲ್ಲ. ನಾಲ್ಕನೆಯ ಸಲ ಹೊಡೆದಾಗ ಕೆಳಗಿನ ಮಿಲ್ಲಿನ ಧಣಿ ದಡದಡ ಮೆಟ್ಟಿಲು ಹತ್ತಿ ಬಂದರು.

"ಎಂತ ಮಾರಾಯ್ರೆ, ನನ್ನ ಕೆಲಸದವರನ್ನು ಟೀಗೆ ಬಿಡ್ಲಿಕ್ಕೆ ನೀವು ಯಾರು?"

ವಿಚಾರಿಸಿ ನೋಡಿದೆ. ಮಿಲ್ಲಿನವರನ್ನು ಟೀಗೆ ಬಿಡುವುದಕ್ಕೂ ಒಂದು ಬೆಲ್ಲಿತ್ತು. ಅದೇ ಅಂಗಡಿಯದು, ಅದೇ ಸದ್ದು. ನಮ್ಮದು ಹೊಡೆದಾಗಲೆಲ್ಲ ಅವರು ಮೋಟಾರು ನಿಲ್ಲಿಸಿ ಎದುರಿನ ಹೋಟೆಲಿಗೆ ನಡೆಯುತ್ತಿದ್ದರು.

"ಬೆಳಗ್ಗಿಂದ ನಾಲ್ಕು ಟೀ ಆಯ್ತು," ಎಂದರು ಧಣಿ. "ಎಣ್ಣೆ ಮಾತ್ರ ಒಂದು ಡಬ್ಬ ಆಗ್ಲಿಲ್ಲ!"

೩. ಮೋಟಾರು, ಬೆಲ್ಲು, ಟೀ

ಸೈಟು ಬೀಳದೆ ಬೆಲ್ಲು ಯಾಕೆ ಹೊಡೆಯಬೇಕು? ತಲೆ ಕೆಟ್ಟು ಧಣಿಯ ಜೊತೆ ಕೆಳಗೆ ಹೋಗಿ ನಿಂತೆ. ಟೀ ಕುಡಿದು ಬಂದವರು ಮೋಟಾರು ಹಾಕಿದರು. ಬಲ್ಬು ಮಂಕಾಯಿತು. ಮೇಲೆ ಬೆಲ್ಲು ಹೊಡೆಯಿತು. ನನ್ನ ಕಣ್ಣೆದುರೇ ಅವರು ಮೋಟಾರು ನಿಲ್ಲಿಸಿ, ಬಂದ ದಾರಿಯಲ್ಲೇ ಟೀಗೆ ಹೊರಟರು!

ಮೋಟಾರು ಶುರುವಾಗುವಾಗ ಎಳೆಯುವ ಕರೆಂಟಿಗೆ ನಮ್ಮ ಇಂಟರ್ನೆಟ್ಟು ಸ್ವಲ್ಪ ಹೊತ್ತು ಸಾಯುತ್ತಿತ್ತು. ಸತ್ತದ್ದು ದುಬೈಯವರ ಸೈಟೇ ಎಂದು ನಮ್ಮ ಕಂಪ್ಯೂಟರು ಬೊಬ್ಬೆ ಹಾಕುತ್ತಿತ್ತು. ಮೋಟಾರು ಹಾಕಿದರೆ ಬೆಲ್ಲು, ಬೆಲ್ಲು ಹೊಡೆದರೆ ಟೀ, ಟೀ ಮುಗಿದರೆ ಮೋಟಾರು.

ನಾವು ಇಂಟರ್ನೆಟ್ಟಿಗೆ ಬ್ಯಾಟರಿ ಕೂಡಿಸಿದೆವು. ತನ್ನನ್ನು ಕೇಳದೆ ಯಾರೂ ಟೀಗೆ ಹೊರಡಕೂಡದೆಂದು ಧಣಿ ಅಪ್ಪಣೆ ಮಾಡಿದರು. ಬೇಸರವಾದದ್ದು ಹೋಟೆಲಿನವನೊಬ್ಬನಿಗೇ.

೪. ಹರತಾಳದ ದಿನ

ಹರತಾಳ ಬಂತು. ಅಂಗಡಿ ಇಲ್ಲ, ಬಸ್ಸಿಲ್ಲ. ಆಫೀಸಿಗೆ ಬೀಗ ಹಾಕಿ ಎಲ್ಲರೂ ಮನೆಯಲ್ಲಿದ್ದೆವು. ಮಧೂರಿನ ನಮ್ಮ ಮನೆಯಲ್ಲಿ ನಾನು ಊಟ ಮುಗಿಸಿ ಅಡ್ಡಾಗಿದ್ದಾಗ ಧಣಿಯ ಫೋನು ಬಂತು. ಅವರ ಮನೆ ಮಿಲ್ಲಿನ ಹಿಂದೆಯೇ.

"ನಿಮ್ಮ ಬೆಲ್ಲು ನಿಲ್ತಾನೇ ಇಲ್ಲ ಮಾರಾಯ್ರೆ. ಮಿಲ್ಲು ಬಂದ್, ಹೋಟೆಲೂ ಬಂದ್. ಇದು ಯಾರನ್ನು ಟೀಗೆ ಕರೀತಾ ಉಂಟು?"

ಬೆಲ್ಲು ಸೀತಾಂಗೋಳಿಯಲ್ಲಿ, ಅದನ್ನು ಕೇಳಬೇಕಾದವರೆಲ್ಲ ಮನೆಯಲ್ಲಿ! ಹರತಾಳ ಕೇರಳಕ್ಕೆ, ದುಬೈಗಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮನೆಯ ಕಂಪ್ಯೂಟರಿನಿಂದಲೇ ಬಿದ್ದಿದ್ದ ಸೈಟನ್ನು ಎಬ್ಬಿಸಿ, ರೋಗಿಗಳಿಗಿಂತ ಮೊದಲು ತಿಳಿಸೋಣವೆಂದು ಮ್ಯಾನೇಜರಿಗೆ ಫೋನು ಮಾಡಿದೆ. ಅಲ್ಲಿ ಕ್ಲಿನಿಕ್ಕುಗಳಿಗೆ ಮಧ್ಯಾಹ್ನದ ಬಿಡುವು.

"ಬಿದ್ದಿತ್ತಾ? ಇಲ್ಲಿ ಯಾರಿಗೂ ಗೊತ್ತೇ ಆಗ್ಲಿಲ್ಲ! ಹರತಾಳದ ದಿನವೂ ಅಲ್ಲಿ ಕಾವಲು ಯಾರು?"

"ಕೆಳಗಿನ... ಹಿರಿಯರೊಬ್ಬರು," ಎಂದುಬಿಟ್ಟೆ.

ಅವರನ್ನು ನೋಡಲೇಬೇಕೆಂದು ಮ್ಯಾನೇಜರು ಹಟ ಹಿಡಿದರು. ಮರುದಿನ ವೀಡಿಯೋ ಕಾಲು. ಬಾಸ್ ಧಣಿಯನ್ನು ಎಣ್ಣೆ ಕೈಯಲ್ಲೇ ಕರೆತಂದು ಕ್ಯಾಮೆರಾದೆದುರು ಕೂರಿಸಿದರು.

"ಬೆಲ್ಲು ಹೊಡೆದ ಕೂಡಲೇ ನೀವು ಎಂತ ಮಾಡ್ತೀರಿ?" ಎಂದು ಕೇಳಿದರು ಮ್ಯಾನೇಜರು.

"ಮೊದಲು ಒಬ್ಬನನ್ನೂ ಟೀಗೆ ಬಿಡುವುದಿಲ್ಲ."

"ಮತ್ತೆ?"

"ಮತ್ತೆ ಎಂತ, ಯಾಕೆ ಹೊಡೀತು ಅಂತ ಇವರ ಹತ್ರ ಕೇಳ್ತೇನೆ. ಸುಮ್ಮನೆ ಹೊಡೆದಿದ್ರೆ ಬೈತೇನೆ."

ಮ್ಯಾನೇಜರಿಗೆ ಆನಂದವೋ ಆನಂದ. ಇಂಥವರು ಕಾವಲಿಗೆ ಇರುವಷ್ಟು ಕಾಲ ಕೆಲಸ ನಿಮ್ಮಲ್ಲೇ ಇರುತ್ತದೆ ಎಂದರು. ನಮಗೆ ಹೋದ ಜೀವ ಬಂತು. ಬಾಸ್ ಧಣಿಯ ಎರಡೂ ಕೈ ಹಿಡಿದು ಅಲುಗಾಡಿಸಿದರು. ಧಣಿ ಮೆಟ್ಟಿಲವರೆಗೆ ಹೋದವರು ತಿರುಗಿ ನಿಂತು, ಗಾಬರಿಯಿಂದ ನನ್ನನ್ನು ಕೇಳಿದರು:

"ಅಲ್ಲ ಮಾರಾಯ್ರೆ, ಈಗ ನಾನು ಎಂತ ಕೆಲಸಕ್ಕೆ ಸೇರಿದ್ದು?"