ಒಳಗನ್ನು ತೋರಿಸದ ಪ್ರಿಂಟರೂ ನಮ್ಮ ಮಾವನೂ

ನಮ್ಮ ಸೋದರಮಾವನ ಕೈಗೆ ಹೊಸ ವಸ್ತು ಕೊಡುವುದೂ ಒಂದೇ, ಅದನ್ನು ಮರಣೋತ್ತರ ಪರೀಕ್ಷೆಗೆ ಕಳಿಸುವುದೂ ಒಂದೇ! ಒಳಗೇನಿದೆಯೆಂದು ಗೊತ್ತಿಲ್ಲದ ವಸ್ತು ನಮ್ಮದು ಹೇಗಾದೀತು ಎಂಬುದು ಅವರ ವೇದಾಂತ. ಕೆಲಮಂಗಲದ ಮದುವೆಯೊಂದರಲ್ಲಿ, ಮುಹೂರ್ತವಾಯಿತೇ ಎಂದು ಪುರೋಹಿತರು ಗಡಿಯಾರದತ್ತ ತಿರುಗಿದಾಗ ಗಂಟೆಯ ಮುಳ್ಳು ಮಾವನ ಜೇಬಿನಲ್ಲಿತ್ತು.

ಎಂಬತ್ತರ ದಶಕದಲ್ಲಿ ಅವರು ಹೊಸೂರಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೊಸ ಪ್ರಿಂಟರು ಬಂತು. ಅದನ್ನು ಆಡಿಸುವ ಪ್ರೋಗ್ರಾಮು ಒಂದು ಫ್ಲಾಪಿಯಲ್ಲಿ. ಈ ಪ್ರಿಂಟರು ಮಹರಾಯ ಅಚ್ಚಾದ ಪ್ರತಿ ಹಾಳೆಯ ಹಿಂದೆ ಒಂದು ಖಾಲಿ ಹಾಳೆಯನ್ನೂ ಉಗುಳುತ್ತಿತ್ತು. ಪ್ರೋಗ್ರಾಮು ಹೇಗೆ ಬರೆದಿದ್ದೀರಿ ತೋರಿಸಿ, ನಾನೇ ಸರಿಮಾಡುತ್ತೇನೆ ಎಂದು ಮಾವ ಕೇಳಿದರೆ, ಮದ್ರಾಸಿನಿಂದ ಬಂದಿದ್ದ ಪ್ರಿಂಟರು ಕಂಪನಿಯ ಎಂಜಿನಿಯರು ಅದು ಕಂಪನಿಯ ಗುಟ್ಟೆಂದು ವಿನಯವಾಗಿ ಕೈಮುಗಿದ.

"ಮಿಷಿನ್ನು ನಮ್ದು, ಅದರ ಬುದ್ಧಿ ಮಾತ್ರ ನಿಮ್ದಾ?" ಎಂದ ಮಾವ ಫ್ಲಾಪಿಯನ್ನು ಅವನ ಕೈಗೇ ವಾಪಸು ಕೊಟ್ಟುಬಿಟ್ಟರು.

ಅಲ್ಲಿಗೆ ಆಫೀಸಿನ ಅಚ್ಚು ನಿಂತಿತು. ಗುಮಾಸ್ತರು ಗೇಟ್‌ಪಾಸುಗಳನ್ನು ಕೈಯಲ್ಲೇ ಬರೆದು, ಬೆರಳು ನೀವಿಕೊಳ್ಳುತ್ತಾ ಮಾವನಿಗೆ ಶಾಪ ಹಾಕಿದರು. ಖಾಲಿ ಹಾಳೆ ಹೋದರೆ ಹೋಗಲಿ, ಆ ಫ್ಲಾಪಿ ತರಿಸೋಣ ಎಂದು ಮ್ಯಾನೇಜರು ಮೊದಲು ಬೇಡಿಕೊಂಡರು, ಆಮೇಲೆ ಕೆಲಸದಿಂದ ತೆಗೆಯುತ್ತೇನೆಂದರು. ಮಾವ ಕೇಳುವವರೇ? ಕಂಪ್ಯೂಟರಿನಿಂದ ಪ್ರಿಂಟರಿಗೆ ಅಪ್ಪಣೆಯಂತೆ ಒಂದೊಂದೇ ಅಂಕಿ ಕಳಿಸಿ, ಅದು ಏನು ಮಾಡುತ್ತದೆಂದು ನೋಡುತ್ತಾ ಕೂತರು. ಒಂದಕ್ಕೆ ಅದು ಸಾಲು ಹಾರಿತು, ಇನ್ನೊಂದಕ್ಕೆ ಕೀಚಲು ದನಿ ಮಾಡಿತು, ಮತ್ತೊಂದಕ್ಕೆ ಕಾಗದವನ್ನೆಲ್ಲ ನೆಲಕ್ಕೆ ಸುರಿಯಿತು. ಮೂಗನಿಗೆ ಮಾತು ಬರಿಸುವ ತಾಳ್ಮೆ! ಕೊನೆಗೆ ಪ್ರೋಗ್ರಾಮನ್ನು ತಾವೇ ಬರೆದರು. ನಡುವೆ ಒಂದೂ ಖಾಲಿಯಿಲ್ಲದೆ ಹಾಳೆಗಳು ಹೊರಬಂದಾಗ, ಶಾಪ ಹಾಕಿದ್ದ ಗುಮಾಸ್ತರೇ ಮಾವನನ್ನು ಹೆಗಲ ಮೇಲೆ ಹೊತ್ತು ಕ್ಯಾಂಟೀನಿಗೆ ಮೆರವಣಿಗೆ ಹೊರಟರು.

ಈ ಪ್ರೋಗ್ರಾಮನ್ನು ಗುಟ್ಟಾಗಿಟ್ಟು ಬೇರೆ ಕಾರ್ಖಾನೆಗಳಿಗೆ ಮಾರೋಣ ಎಂದರು ಮ್ಯಾನೇಜರು. ಅಷ್ಟರಲ್ಲಿ ಮಾವ ಮೊಪೆಡ್ಡಿನಲ್ಲಿ ಸುತ್ತಿ, ಆ ಪ್ರಿಂಟರಿದ್ದ ಆಫೀಸುಗಳಿಗೆಲ್ಲ ಅದನ್ನು ಹಂಚಿಯಾಗಿತ್ತು. ಮದ್ರಾಸಿನ ಎಂಜಿನಿಯರೂ ನಾಚುತ್ತಾ ಬಂದು ಒಂದು ಪ್ರತಿ ಕೇಳಿದ. ಮಾವ ಅದರ ಒಳಗನ್ನೆಲ್ಲ ಬಿಡಿಸಿ ತೋರಿಸಿ, ಕಾಫಿ ಕುಡಿಸಿ ಕಳಿಸಿದರು.

ಆಮೇಲಿನ ವರ್ಷಗಳಲ್ಲಿ ಅತ್ತೆಗೆ ಕಿವಿ ಮಂದವಾಯಿತು. ಮಾವ ಬೆಂಗಳೂರಿನಿಂದ ಕಿವಿಗೆ ಹಾಕುವ ಯಂತ್ರ ತಂದರು. ಸ್ಕ್ರೂ ಕೂಡ ಕಾಣದಂತೆ ಎಲ್ಲ ಕಡೆ ಅಂಟಿಸಿದ ಪುಟ್ಟ ಡಬ್ಬಿ ಅದು. ನಾನು ನೋಡಲು ಹೋದಾಗ ಅದು ಇಡಿಯಾಗಿಯೇ ಅತ್ತೆಯ ಸೆರಗಿನಲ್ಲಿತ್ತು, ಅದರ ತಂತಿ ಕಿವಿಯಲ್ಲಿತ್ತು! ಇದನ್ನೇಕೆ ಬಿಚ್ಚಿ ನೋಡಲಿಲ್ಲವೆಂದು ಮಾವನನ್ನು ಕೇಳಿದೆ.

ಅವರು ಅತ್ತೆಯಿದ್ದ ಅಡುಗೆಮನೆಯತ್ತ ನೋಡಿದರು.

"ಬ್ಯಾಡ ಕಣ್ಲಾ. ಅದು ಕೆಟ್ಟೋದ್ರೆ, ನಾನು ಕೂಗಿದಾಗ ಅವಳು ತಿರುಗಿ ನೋಡಕಿಲ್ಲ."