ಒಂಟಿಗಣ್ಣನಿಗೆ ಕ್ಷಮೆಯೇ?

ವಿಶಾಖಪಟ್ಟಣ ಬಂದರಿನ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ದಕ್ಷಿಣಾಮೂರ್ತಿಗಳಿಗೆ ಜಗತ್ತಿನಲ್ಲಿ ಯಾವುದೂ ಚೆನ್ನಾಗಿ ಕಂಡದ್ದೇ ಇಲ್ಲ. ಕನ್ನಡ ಸಂಘದವರು ನಾಟಕ ಆಡಿದರೆ ನಾಯಕನಿಗೆ ನಡೆಯಲು ಬರುವುದಿಲ್ಲ. ಹೆಂಡತಿ ಗಂಗಾಭವಾನಿ ಪುಳಿಹೊರ ಮಾಡಿದರೆ ಹುಣಸೆಹಣ್ಣಿಗೆ ‘ಪಾತ್ರಪೋಷಣೆ’ ಸಾಲದು. (ಆಕೆ ತೆಲುಗು ಮನೆಯ ಮಗಳು, ಮದುವೆಯಾದ ಮೇಲೆ ಕನ್ನಡ ಕಲಿತವರು. ಈ ಮಾತಿನ ಅರ್ಥ ಆಗದೇ ಇದ್ದದ್ದರಿಂದಲೇ ಮೂರ್ತಿಗಳಿಗೆ ಇನ್ನೂ ಮನೆಯೂಟ ಸಿಗುತ್ತಿತ್ತು.)

ಇಂಥವರ ಕಿರಿಯ ಮಗಳು ಇಂಚರಾ ದಿನಾ ಸಂಜೆ ಟಿವಿಯಲ್ಲಿ ಒಂದು ಜಪಾನಿ ಕಾರ್ಟೂನ್ ನೋಡುತ್ತಿದ್ದಳು. ಕತ್ತಿ ಹಿಡಿದ ಹುಡುಗರು ಆಕಾಶದಲ್ಲಿ ಹಾರಿ ಹಾರಿ ಬಡಿದಾಡುವ ಕಥೆ. ಮೂರ್ತಿಗಳು ಅದನ್ನು ಬಯ್ಯಲೆಂದೇ ಪಕ್ಕದಲ್ಲಿ ಕುಳಿತರು. ನೋಡದೆ ಬಯ್ಯುವುದು ವಿಮರ್ಶಕನಿಗೆ ಶೋಭೆಯಲ್ಲವಲ್ಲ!

ಹತ್ತಾರು ಕಂತುಗಳ ಮೊದಲ ಭಾಗದಲ್ಲಿ ಮುಳ್ಳುಗೂದಲಿನ ನಾಯಕನ ಗುರುವನ್ನು ಒಂಟಿಗಣ್ಣನೊಬ್ಬ ಕೊಂದ. ಚಿತೆಯ ಮುಂದೆ ಹುಡುಗ ಸೇಡಿನ ಪಣ ತೊಟ್ಟ. ಮೂರ್ತಿಗಳು ಕನ್ನಡಕ ಒರೆಸಿಕೊಂಡರು. (ಧೂಳು ಅಂದರು.) ಎರಡನೇ ಭಾಗದಲ್ಲಿ ಪಣ ಮರೆತು ಎಲ್ಲರೂ ಒಂದು ಪಂದ್ಯಾವಳಿಗೆ ಹೊರಟರು. ಎತ್ತಿದ ಮುಷ್ಟಿ ಎದುರಾಳಿಯ ಮೂಗು ಮುಟ್ಟುವಷ್ಟರಲ್ಲಿ ಒಂದು ವಾರ ಕಳೆಯಿತು.

“ಇಷ್ಟು ಹೊತ್ತಿಗೆ ನಮ್ಮ ಬಂದರಿನಲ್ಲಿ ಒಂದು ಹಡಗು ಖಾಲಿ ಆಗ್ತಿತ್ತು ಕಣೇ!” ಎಂದು ಸಿಡುಕಿದರು. ಆದರೂ ಎದ್ದು ಹೋಗಲಿಲ್ಲ.

ಮೂರನೇ ಭಾಗದಲ್ಲಿ ಅವರ ಸಹನೆಯ ಕಟ್ಟೆಯೊಡೆಯಿತು. ಒಂಟಿಗಣ್ಣ ಸೋತು ಬಿದ್ದಾಗ ನಾಯಕ ಕತ್ತಿ ಕೆಳಗಿಳಿಸಿ ಅವನನ್ನು ಕ್ಷಮಿಸಿಬಿಟ್ಟ. ಮರುದಿನ ಆ ಕೊಲೆಗಡುಕ ನಾಯಕನ ಗುಂಪಿಗೇ ಸೇರಿ ಎಲ್ಲರಿಗೂ ಅನ್ನ ಬಡಿಸುತ್ತಿದ್ದ!

ಇದೇ ಸಿಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಮೂರ್ತಿಗಳು ಆ ಭಾನುವಾರ ಹೆಂಡತಿಯೊಡನೆ ವಿಜಯವಾಡಕ್ಕೆ ಹೋದರು. ಹಿರಿಯ ಮಗಳು ಮೇಧಾಳನ್ನು ಒನ್ ಟೌನ್ ಪೇಟೆಯ ಮೆಣಸಿನಕಾಯಿ ಸಗಟು ವ್ಯಾಪಾರಿ ಕಾಮೇಶ್ವರರ ಮಗ ತೇಜ ಒಪ್ಪಿದ್ದ. ಅವಳೂ ಅವನನ್ನು ಒಪ್ಪಿದ್ದಳು. ಹಿರಿಯರು ಕೂತು ಮಾತು ಮುಗಿಸುವುದಷ್ಟೇ ಬಾಕಿ. ಕಾಮೇಶ್ವರರ ಹೆಂಡತಿ ಹೈಮಾವತಿ ಬಳ್ಳಾರಿಯವರಾದ್ದರಿಂದ ಆ ಮನೆಯಲ್ಲಿ ಕನ್ನಡವೂ ನಡೆಯುತ್ತಿತ್ತು.

ಒಳಗೆ ಕಾಲಿಟ್ಟರೆ ಟಿವಿಯಲ್ಲಿ ಅದೇ ಕಾರ್ಟೂನಿನ ಮರುಪ್ರಸಾರ! ಅಂಗಡಿಯಲ್ಲಿ ಹುಲಿಯಂತಿರುವ ಕಾಮೇಶ್ವರರು ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡುತ್ತಿದ್ದರು.

“ರಂಡಿ ಬಾವಗಾರೂ, ಬನ್ನಿ ಬನ್ನಿ, ಕೂತ್ಕೊಳ್ಳಿ,” ಎಂದು ಬೀಗರನ್ನು ಬಾಯ್ತುಂಬ ಸ್ವಾಗತಿಸಿದರು. “ಈ ಮೂರನೇ ಭಾಗ ಇದೆ ನೋಡಿ, ಎಂಥಾ ಕಥೆ! ಶತ್ರುವನ್ನೇ ಕ್ಷಮಿಸ್ತಾನೆ. ಅದು ದೊಡ್ಡತನ ಕಾದಂಡಿ, ಅಲ್ವೇ?”

ಗಂಗಾಭವಾನಿ ಗಂಡನ ಮೊಣಕೈ ಜಿಗುಟಿದರು. ತಡವಾಗಿತ್ತು.

“ದೊಡ್ಡತನವೇ? ದಡ್ಡತನ!” ಎಂದರು ಮೂರ್ತಿಗಳು. “ಗುರುವನ್ನ ಕೊಂದವನ ಕೈಯಲ್ಲಿ ಅನ್ನ ಬಡಿಸಿಕೊಂಡು ತಿನ್ನೋನೂ ಒಬ್ಬ ನಾಯಕನೇ? ಮೊದಲ ಭಾಗ ಬರೆದವನು ಸತ್ತು, ಅವನ ಮನೆ ಅಡಿಗೆಯವನು ಮುಂದುವರಿಸಿರಬೇಕು.”

“ಮೊದಲ ಭಾಗದಲ್ಲಿ ಏನಿದೆ ರೀ? ಬರೀ ಅಳು. ಪಾತ್ರ ಅಂದ್ಮೇಲೆ ಬದಲಾಗಬೇಕು.”

“ಬದಲಾಗಲಿ, ಕಾರಣ ಬೇಡವೇ? ಶೀತ ಆಗೋಕೂ ಒಂದು ಕಾರಣ ಇರುತ್ತೆ!”

ಹೈಮಾವತಿ ಕಾಫಿ ತಂದಿಟ್ಟರು. ಯಾರೂ ಮುಟ್ಟಲಿಲ್ಲ.

“ನೋಡಿ,” ಎಂದರು ಕಾಮೇಶ್ವರರು ಗಂಭೀರವಾಗಿ. “ಒಂದು ಕಾಲದಲ್ಲಿ ನನ್ನ ವ್ಯಾಪಾರ ಕೆಡಿಸಿದವನು ಇವತ್ತು ನನಗೆ ಪಾಲುದಾರ. ನಾನು ಕ್ಷಮಿಸಲಿಲ್ಲವೇ?”

“ಅದಕ್ಕೇ ನಿಮಗೆ ಮೂರನೇ ಭಾಗ ಹಿಡಿಸಿದ್ದು! ಮೋಸಗಾರರ ಜೊತೆ ಕೂತು ಉಂಡು ಅಭ್ಯಾಸ.”

ಕಾಮೇಶ್ವರರು ಎದ್ದು ನಿಂತರು. “ಮೂರ್ತಿಗಾರೂ, ನಿಮ್ಮ ಟ್ರೈನಿಗೆ ಹೊತ್ತಾಯ್ತೇನೋ,” ಎಂದರು. ‘ಬಾವಗಾರು’ ಹೋಗಿ ‘ಮೂರ್ತಿಗಾರು’ ಆಗಿತ್ತು. ಸಂಬಂಧ ಮುರಿಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ವಿಶಾಖಪಟ್ಟಣದವರೆಗೂ ಗಂಗಾಭವಾನಿ ಗಂಡನಿಗೆ ಬೆನ್ನು ಹಾಕಿ ಕಿಟಕಿಯತ್ತಲೇ ಕೂತರು. ಮನೆಯಲ್ಲಿ ಮೇಧಾ ಅಳಲೂ ಇಲ್ಲ. ಅಪ್ಪನನ್ನು ಒಮ್ಮೆ ನೋಡಿ ಕೋಣೆಯ ಬಾಗಿಲು ಹಾಕಿಕೊಂಡಳು. ಆ ಒಂದು ನೋಟಕ್ಕೆ ಮೂರ್ತಿಗಳು ಕುಗ್ಗಿಹೋದರು. ತಮ್ಮ ನಾಲಗೆಯನ್ನು ಕತ್ತರಿಸಿ ಬಂದರಿನಲ್ಲಿ ಎಸೆಯಬೇಕು ಅನ್ನಿಸಿತು.

ಮರುದಿನ ಗಂಗಾಭವಾನಿ ಫೋನು ತಂದು ಮುಂದಿಟ್ಟರು. “ಏಮಂಡೀ, ಮೂರನೇ ಭಾಗವೇ ಚೆನ್ನಾಗಿದೆ ಅಂತ ಹೇಳಿ. ಇಲ್ಲಾಂದ್ರೆ ಈ ಮನೆಯಲ್ಲಿ ನಿಮಗೆ ಒಂದು ಲೋಟ ನೀರೂ ಇಲ್ಲ.”

ಮೂರ್ತಿಗಳು ಕಹಿ ಕಷಾಯ ಕುಡಿದವರಂತೆ ಒಂದೇ ಉಸಿರಿಗೆ ಹೇಳಿದರು: “ಕಾಮೇಶ್ವರರೇ, ನಾನಾಡಿದ ಮಾತು ತಪ್ಪು. ಮೂರನೇ ಭಾಗವೇ ಶ್ರೇಷ್ಠ.”

ಆ ಕಡೆ ಕಾಮೇಶ್ವರರು ಗಂಟಲು ಸರಿಮಾಡಿಕೊಂಡರು. “ಅಯ್ಯೋ, ನಾನೇ ಫೋನ್ ಮಾಡೋನಿದ್ದೆ. ನೀವು ಹೇಳಿದ್ದೇ ಸರಿ. ಮೂರನೆಯದು ಚೆತ್ತ, ಶುದ್ಧ ಕಸ. ಮೊದಲನೆಯದೇ ಕಥೆ.”

ಬುದ್ಧಿಯಿರುವ ಯಾವನಾದರೂ ಇಲ್ಲಿ ನಕ್ಕು ಫೋನಿಡುತ್ತಿದ್ದ. ಮೂರ್ತಿಗಳು ಕೆರಳಿದರು. “ಏನ್ರೀ ಇದು! ನಿನ್ನೆ ಅಷ್ಟು ವಾದ ಮಾಡಿದೋರು ಇವತ್ತು ಹೀಗೆ ಜಾರಿಕೊಳ್ಳೋದೇ? ನಿಮ್ಮ ಮಾತಿಗೆ ಬೆನ್ನುಮೂಳೆ ಬೇಡವೇ?”

“ನೀವೂ ಈಗ ತಾನೇ ಜಾರಿದ್ರಲ್ಲ!”

“ನಾನು ಹೆಂಡತಿ ಹೇಳಿದ್ದಕ್ಕೆ ಹೇಳಿದೆ ರೀ!”

“ನಾನೂ ಅಷ್ಟೇ!”

ಗಂಗಾಭವಾನಿ ಫೋನು ಕಿತ್ತುಕೊಂಡರು. ಅತ್ತ ಹೈಮಾವತಿಯೂ ಕಿತ್ತುಕೊಂಡಿದ್ದರು. “ವದಿನಾ, ಇವರಿಬ್ಬರೂ ಆಚೆ ಇರಲಿ,” ಎಂದು ಬೀಗಿತ್ತಿಯರ ನಡುವೆ ಶುರುವಾದ ಮಾತು ಹಾಲು ಉಕ್ಕುವಷ್ಟರಲ್ಲಿ ಮುಗಿಯಿತು. ನಿಶ್ಚಿತಾರ್ಥ ಸಿಂಹಾಚಲದಲ್ಲಿ, ಮದುವೆ ವಿಜಯವಾಡದಲ್ಲಿ. ಬಾಗಿಲು ತೆರೆದು ಬಂದ ಮೇಧಾ ತಾಯಿಯನ್ನು ತಬ್ಬಿಕೊಂಡಳು.

ಫೋನು ಹಿಡಿದೇ ಗಂಗಾಭವಾನಿ ಗಂಡನ ಕಡೆ ತಿರುಗಿದರು. “ಇನ್ನೊಂದು ಮಾತು ಆಗಿದೆ. ಮದುವೆ ಮುಗಿಯೋವರೆಗೂ ಎರಡೂ ಮನೆಯಲ್ಲಿ ಆ ಕಾರ್ಟೂನ್ ಬಂದ್.”

ಅದನ್ನು ಅಷ್ಟೊಂದು ಹೀನಾಯವಾಗಿ ಬಯ್ದಿದ್ದ ಮೂರ್ತಿಗಳು ಹೌಹಾರಿ ಎದ್ದುನಿಂತರು. “ಅಯ್ಯೋ, ಇವತ್ತಿನಿಂದ ನಾಲ್ಕನೇ ಭಾಗ ಕಣೇ!”

ಅದೇ ಗಳಿಗೆಯಲ್ಲಿ ಫೋನಿನೊಳಗಿಂದ ಕಾಮೇಶ್ವರರ ಆರ್ತನಾದವೂ ಕೇಳಿಸಿತು: “ಹೈಮಾ, ಇವತ್ತಿನಿಂದ ನಾಲ್ಕನೇ ಭಾಗ ಕಣೇ!”